ಎರಡು ನುಡಿಯ ಶಿಶುವಿಹಾರ

ಶಾಲೆಯನ್ನು ಹೊಗಳುವ ವಿಷಯದಲ್ಲಿ ತಂದೆತಾಯಿಗಳಷ್ಟು ಜಿಪುಣರು ಇನ್ನಾರೂ ಇಲ್ಲ. ಮಗು ಜಾಣನಾದರೆ ಅದು ವಂಶದ ಗುಣ. ದಡ್ಡನಾದರೆ ಮೇಷ್ಟರ ತಪ್ಪು. ಈ ಲೆಕ್ಕದಲ್ಲಿ ಮೇಷ್ಟರ ಜಮೆಯ ಕಡೆಗೆ ಬೀಳುವುದು ಸೊನ್ನೆಯೇ. ಹೀಗಿರುವಾಗ, ತಂದೆತಾಯಿಗಳು ತಾವಾಗಿಯೇ ಒಂದು ಶಿಶುವಿಹಾರದ ಗೋಡೆಯ ತುಂಬ ಕೃತಜ್ಞತೆಯ ಚೀಟಿಗಳನ್ನು ಅಂಟಿಸಿದ್ದಾರೆಂದರೆ, ನಿಂತು ಓದಬೇಕಾದ ಗೋಡೆಯೇ ಅದು.

ಆ ಗೋಡೆ ಇರುವುದು ಸಿಂಗಪುರದಲ್ಲಿ. ಐದು ವರ್ಷದ ನನ್ನ ಮೊಮ್ಮಗಳು ಅಲ್ಲಿಗೆ ಹೋಗುತ್ತಾಳೆ. ಅಲ್ಲಿ ಎರಡು ಭಾಷೆ: ಇಂಗ್ಲಿಷು ಮತ್ತು ಮ್ಯಾಂಡರಿನ್ ಎಂಬ ಚೀನೀ ಭಾಷೆ. ಒಂದು ತರಗತಿಗೆ ಇಬ್ಬರು ಉಪಾಧ್ಯಾಯಿನಿಯರು. ಒಬ್ಬಾಕೆ ಮಕ್ಕಳೊಡನೆ ಇಂಗ್ಲಿಷನ್ನಲ್ಲದೆ ಬೇರೆ ಆಡುವುದಿಲ್ಲ. ಇನ್ನೊಬ್ಬಾಕೆ ಚೀನಿಯನ್ನಲ್ಲದೆ ಬೇರೆ ಆಡುವುದಿಲ್ಲ. ಮಗು ಬಿದ್ದು ಮಂಡಿ ತರಚಿಕೊಂಡರೂ ಸಮಾಧಾನ ಆಯಾ ಭಾಷೆಯಲ್ಲೇ. ಒಂದಕ್ಕೆ ಇನ್ನೊಂದರಲ್ಲಿ ಅರ್ಥ ಹೇಳುವ ಪದ್ಧತಿ ಇಲ್ಲ. ಹಣ್ಣನ್ನು ಕೈಗೆ ಕೊಟ್ಟು ಹೆಸರು ಹೇಳುತ್ತಾರೆ. ಕೈ ತೊಳೆಸುತ್ತ ಕೈ ತೊಳೆಯುವ ಹಾಡು ಹೇಳುತ್ತಾರೆ. ನಾವು ಅಮ್ಮನ ಸೊಂಟದ ಮೇಲೆ ಕುಳಿತು ಕನ್ನಡ ಕಲಿತದ್ದೂ ಹೀಗೆಯೇ ಅಲ್ಲವೆ?

ಚೀನೀ ಕಲಿಸುವಾಕೆಯನ್ನು ಮಕ್ಕಳು 'ಲಾವ್‌ಷೀ' ಎಂದು ಕೂಗುತ್ತವೆ. 'ಲಾವ್' ಎಂದರೆ ವಯಸ್ಸಾದ, ಹಿರಿಯ. 'ಷೀ' ಎಂದರೆ ಗುರು. ಆಕೆಗೆ ಇಪ್ಪತ್ತೈದು ವರ್ಷವೂ ಇದ್ದಂತೆ ಕಾಣದು. ಆದರೂ ಆ ಹೆಸರಿಗೆ ಸಂತೋಷದಿಂದ ತಿರುಗಿ ನೋಡುತ್ತಾಳೆ. ಅಷ್ಟು ವಯಸ್ಸಿನ ಹುಡುಗಿಯನ್ನು ನಮ್ಮೂರಿನಲ್ಲಿ 'ಹಿರಿಯರೇ' ಎಂದು ಕರೆದು ನೋಡಿ!

ಈ ಭಾಷೆ ನಮ್ಮ ಮನೆಯೊಳಕ್ಕೆ ಕಾಲಿಟ್ಟದ್ದು ಜಗಳದಿಂದಲೇ ಎನ್ನಬೇಕು. ನನ್ನ ಹೆಂಡತಿ ಬಿಸಿಬಿಸಿ ಅನ್ನ ಸಾರು ಕಲಸಿ ಎದುರಿಗಿಟ್ಟಳು. ಮೊಮ್ಮಗಳು ತಟ್ಟೆಯನ್ನು ನೋಡಿ 'ಛೀ ಫಾನ್' ಎಂದಳು. ಅಜ್ಜಿಯ ಮುಖ ಸಣ್ಣದಾಯಿತು. ಅನ್ನಕ್ಕೆ ಛೀ ಅನ್ನುವುದೆ? ಮಗಳು ಒಳಗಿನಿಂದ ಓಡಿಬಂದು ವಿವರಿಸಿದಳು: ಚೀನಿಯಲ್ಲಿ 'ಛೀ' ಎಂದರೆ ತಿನ್ನುವುದು, 'ಫಾನ್' ಎಂದರೆ ಅನ್ನ. ಇಬ್ಬರು ಎದುರಾದಾಗ 'ಛೀ ಫಾನ್ ಲ ಮಾ?' ಎನ್ನುವುದು ಅವರಲ್ಲಿ ಹಳೆಯ ವಾಡಿಕೆ. ಅರ್ಥ, 'ಊಟ ಆಯ್ತಾ?' ನಮ್ಮ ಮಾತಿನ ಕೊನೆಗೆ 'ಆ' ಸೇರಿಸಿದರೆ ಪ್ರಶ್ನೆ. ಅವರದಕ್ಕೆ 'ಮಾ' ಸೇರಿಸಿದರೆ ಪ್ರಶ್ನೆ. ಹಿಮಾಲಯದ ಆಚೆಗೂ ಮನುಷ್ಯರು ಊಟದ ವಿಚಾರವನ್ನೇ ಮೊದಲು ಕೇಳುತ್ತಾರೆಂದು ತಿಳಿದಮೇಲೆ ನನ್ನ ಹೆಂಡತಿಗೆ ಆ ಭಾಷೆಯ ಮೇಲಿದ್ದ ಕೋಪ ಹೋಯಿತು.

ನಂಟಸ್ತಿಕೆಯಲ್ಲಂತೂ ಚೀನೀಯರು ನಮ್ಮವರೇ. ಇಂಗ್ಲಿಷಿನಲ್ಲಿ ಅಂಕಲ್ ಎಂದರೆ ತೀರಿತು; ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರೂ ಅದರೊಳಗೆ. ಚೀನಿಯಲ್ಲಿ ತಂದೆಯ ಅಣ್ಣ 'ಬೋಬೊ', ತಮ್ಮ 'ಶೂಶು', ತಾಯಿಯ ಸೋದರ 'ಜ್ಯೂಜ್ಯು'. ಒಂದು ವಿಷಯದಲ್ಲಿ ನಮ್ಮನ್ನೂ ಮೀರಿಸಿದ್ದಾರೆ. ನಮಗೆ ಇಬ್ಬರು ತಾತಂದಿರೂ ತಾತಂದಿರೇ. ಅವರಿಗೆ ತಂದೆಯ ತಂದೆ 'ಯೇಯೆ', ತಾಯಿಯ ತಂದೆ 'ವೈಗೋಂಗ್'. 'ವೈ' ಎಂದರೆ ಹೊರಗಿನ. ಅಂತೂ ಮಗಳ ಮನೆಯಲ್ಲಿ ಉಂಡು ಮಲಗುವ ನಾನು, ಮೊಮ್ಮಗಳ ಹೊಸ ಲೆಕ್ಕದಲ್ಲಿ, ಹೊರಗಿನ ತಾತ.

ಮೈಸೂರಿನಿಂದ ನನ್ನ ನಾದಿನಿ ಫೋನಿನಲ್ಲಿ ಕೇಳಿದಳು: "ಇಂಗ್ಲಿಷು ಸರಿ ಭಾವ, ಚೀನೀ ಯಾತಕ್ಕೆ?" ಉತ್ತರ ಸುಲಭ. ಸಿಂಗಪುರದ ಆಡಳಿತ ಭಾಷೆಗಳು ನಾಲ್ಕು: ಮಲಯ, ಮ್ಯಾಂಡರಿನ್, ತಮಿಳು, ಇಂಗ್ಲಿಷು. ಮುಂದೆ ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷಿನ ಜತೆಗೆ 'ಮಾತೃಭಾಷೆ' ಎಂದು ಒಂದನ್ನು ಓದಬೇಕು. ಭಾರತೀಯ ಮಕ್ಕಳಿಗೆ ತಮಿಳುಂಟು. ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳಿಗೂ ಅವಕಾಶವುಂಟು. ಕನ್ನಡ ಆ ಪಟ್ಟಿಯಲ್ಲಿಲ್ಲ. "ಹೇಗೂ ನಮ್ಮದಲ್ಲದ್ದನ್ನೇ ಕಲಿಯಬೇಕಲ್ಲ, ಪಕ್ಕದ ಮನೆಯವರ ಮಾತಾದರೂ ಬರಲಿ," ಎಂಬುದು ನನ್ನ ಮಗಳ ವಾದ. ಆ ಊರಿನಲ್ಲಿ ನಾಲ್ವರಲ್ಲಿ ಸುಮಾರು ಮೂವರು ಚೀನೀಯರೇ.

ಆದರೆ ಗೋಡೆಯ ಮೇಲಿನ ಚೀಟಿಗಳು ಹೆಚ್ಚಾಗಿ ಚೀನೀ ತಂದೆತಾಯಿಗಳವೇ, ಅವೂ ಇಂಗ್ಲಿಷಿನಲ್ಲಿ! ತಮಗೆ ಶಾಲೆಯಲ್ಲಿ ಕಹಿಯಾಗಿದ್ದ ಭಾಷೆಯನ್ನು ಮಗ ಹಾಡಿಕೊಂಡು ಓಡಾಡುತ್ತಾನೆಂದು ಒಬ್ಬ ತಾಯಿ ಬರೆದಿದ್ದಳು. ನನ್ನ ಮಗಳು ಈಗ ನನ್ನ ಬೆನ್ನ ಹಿಂದೆ ಅಡಗುವುದಿಲ್ಲ ಎಂದು ಒಬ್ಬ ತಂದೆ. ತಮ್ಮ ಭಾಷೆ ಕಲಿಸಿದ್ದಕ್ಕೆ ತಾವೇ ಪರರಿಗೆ ಋಣಿಗಳಾಗುವುದೆಂದರೇನು?

ಅದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1965ರಲ್ಲಿ ಸಿಂಗಪುರ ಸ್ವತಂತ್ರ ರಾಷ್ಟ್ರವಾದಾಗ ಅಲ್ಲಿನ ಚೀನೀ ತಾಯಂದಿರಲ್ಲಿ ಬಹುಪಾಲು ಜನ ಆಡುತ್ತಿದ್ದದ್ದು ಮ್ಯಾಂಡರಿನ್ ಅಲ್ಲ; ಹೊಕ್ಕಿಯೆನ್, ತಿಯೋಚ್ಯೂ, ಕ್ಯಾಂಟನೀಸ್ ಮೊದಲಾದವು. 1979ರಲ್ಲಿ ಪ್ರಧಾನಿ ಲೀ ಕ್ವಾನ್ ಯೂ 'ಮ್ಯಾಂಡರಿನ್ ಆಡಿ' ಎಂಬ ಚಳವಳಿ ಹೂಡಿದರು. ರೇಡಿಯೋ, ದೂರದರ್ಶನಗಳಿಂದ ಉಳಿದ ನುಡಿಗಳು ಬರಬರುತ್ತ ಮರೆಯಾದವು. ಅಜ್ಜಿಯ ನುಡಿ ಹೋಗಿ ಮ್ಯಾಂಡರಿನ್ ಬಂತು. ಮನೆಯಲ್ಲಿ ಈಗ ಅದನ್ನೂ ಹಿಂದಕ್ಕೆ ತಳ್ಳಿ ಇಂಗ್ಲಿಷು ಬರುತ್ತಿದೆ. 2010ರ ಜನಗಣತಿಯಲ್ಲಿ ಮನೆಯೊಳಗೆ ಹೆಚ್ಚಾಗಿ ಇಂಗ್ಲಿಷನ್ನೇ ಆಡುವವರು ಶೇಕಡ 32. 2020ರಲ್ಲಿ ಶೇಕಡ 48.

ವರ್ಷದ ಕೊನೆಯ ಸಮಾರಂಭದಲ್ಲಿ ನನ್ನ ಪಕ್ಕ ಒಬ್ಬ ಚೀನೀ ಅಜ್ಜಿ ಕುಳಿತಿದ್ದರು. ಅವರ ಎಳೆತನದ ಮಾತು ಹೊಕ್ಕಿಯೆನ್. ಮಕ್ಕಳ ಸಲುವಾಗಿ ಮ್ಯಾಂಡರಿನ್ ಕಲಿತರು. ಮಕ್ಕಳು ದೊಡ್ಡವರಾಗಿ ಇಂಗ್ಲಿಷಿಗೆ ಹೋದರು. ಮೊಮ್ಮಗ ನಾಲ್ಕು ವರ್ಷದವನಾಗುವವರೆಗೆ ಇಬ್ಬರಿಗೂ ನಗು, ಬಿಸ್ಕತ್ತು ಇಷ್ಟರಲ್ಲೇ ವ್ಯವಹಾರ. ಈಗ ಅವನು ಶಿಶುವಿಹಾರದಿಂದ ಮ್ಯಾಂಡರಿನ್ ತಂದಿದ್ದಾನೆ. "ಅದು ನನ್ನ ಮಾತಲ್ಲ. ಆದರೂ ಮಾತಾಡುತ್ತಾನೆ," ಎಂದರು. ಅದು ಇಬ್ಬರ ಮನೆಯೂ ಅಲ್ಲ. ಇಬ್ಬರೂ ಬಂದು ಕುಳಿತುಕೊಳ್ಳಬಹುದಾದ ಬೀದಿಯ ಜಗಲಿ. ಜಗಲಿ ಸಿಕ್ಕಿತೆಂದು ಅವರಿಗೆ ಸಂತೋಷವಿತ್ತು. ಮನೆ ಎಲ್ಲಿ ಹೋಯಿತೆಂದು ನಾನು ಕೇಳಲಿಲ್ಲ.

ಬೆಂಗಳೂರಿನ ಎಷ್ಟೋ ಮನೆಗಳು ನೆನಪಾದವು. ಅಲ್ಲಿ ಚೀನಿಯೂ ಇಲ್ಲ, ಚಳವಳಿಯೂ ಇಲ್ಲ. ಆದರೂ ಅಜ್ಜಿ, "ಪುಟ್ಟಾ, ಬನಾನಾ ಈಟ್ ಮಾಡು," ಎನ್ನುತ್ತಾಳೆ. ಮನೆಯಲ್ಲೂ ಇಂಗ್ಲಿಷನ್ನೇ ಆಡಿರೆಂದು ತಂದೆತಾಯಿಗಳಿಗೆ ಉಪದೇಶಿಸುವ ಶಾಲೆಗಳುಂಟು. ತಲೆಯಾಡಿಸಿ ಬರುವ ತಂದೆತಾಯಿಗಳೂ ಉಂಟು.

ನನ್ನ ಮಗಳು ಮಗುವನ್ನು ಸೇರಿಸಿದ ಹೊಸದರಲ್ಲಿ ಲಾವ್‌ಷೀಯನ್ನು ಕೇಳಿದ್ದಳಂತೆ: ಮೂರು ಭಾಷೆಯಾದರೆ ಮಗುವಿಗೆ ಗೊಂದಲವಾಗದೆ, ಕನ್ನಡ ನಿಲ್ಲಿಸಬೇಕೆ? ಆಕೆ ಹೇಳಿದಳಂತೆ: "ನಿಲ್ಲಿಸಬೇಡಿ. ನಮ್ಮ ಕೆಲಸ ನಾವು ಮಾಡುತ್ತೇವೆ, ಅದು ನಿಮ್ಮ ಕೆಲಸ." ಅಂದಿನಿಂದ ಮನೆಯಲ್ಲೂ ಶಿಶುವಿಹಾರದ ಕಟ್ಟಳೆ. ಮೊಮ್ಮಗಳು ಮುಖಕ್ಕೊಂದು ಭಾಷೆ ಹಂಚಿಬಿಟ್ಟಿದ್ದಾಳೆ. ನಾನು ತಮಾಷೆಗೆ ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ, "ತಾತ, ನೀನು ಕನ್ನಡ," ಎಂದು ತಿದ್ದುತ್ತಾಳೆ.

ಇಷ್ಟು ದೊಡ್ಡ ಬಿರುದನ್ನು ನನಗೆ ಯಾವ ಪರಿಷತ್ತೂ ಕೊಟ್ಟಿರಲಿಲ್ಲ. ಭಾಷೆ ಉಳಿಯುವುದಕ್ಕೆ ಪಟ್ಟಿಯಲ್ಲಿ ಸ್ಥಾನ ಬೇಕು, ಪಾಠಪುಸ್ತಕ ಬೇಕು, ನಿಜ. ಅದಕ್ಕೂ ಮೊದಲು, ಜಗ್ಗದೆ ಅದನ್ನೇ ಆಡುವ ಒಬ್ಬ ಮನುಷ್ಯ ಮಗುವಿಗೆ ಬೇಕು. ಎರಡು ನುಡಿಗೆ ಅಂಥ ಇಬ್ಬರನ್ನು ಆ ಶಿಶುವಿಹಾರ ಕೊಟ್ಟಿದೆ. ಮೂರನೆಯದರ ಜಾಗವನ್ನು ಮುಟ್ಟದೆ ನಮಗೇ ಬಿಟ್ಟಿದೆ. ಕಲಿಸಿದ್ದಕ್ಕೆ ಉಳಿದವರು ಚೀಟಿ ಬರೆದಿದ್ದಾರೆ. ಬಿಟ್ಟದ್ದಕ್ಕೆ ನಾನೂ ಒಂದು ಬರೆದು ಅಂಟಿಸಿದೆ, ಕನ್ನಡದಲ್ಲಿ. ಲಾವ್‌ಷೀಗೆ ಅದನ್ನು ಓದಿ ಹೇಳುವ ಕೆಲಸ ಮೊಮ್ಮಗಳದು.