'ಡ್ರೈ' ಎಂಬ ಒಂದು ಪದ

'ಡ್ರೈ' ಎಂಬ ಇಂಗ್ಲಿಷ್ ಗುಣವಾಚಕಕ್ಕೆ 'ಒಣಗಿದ' ಎಂದಷ್ಟೇ ಅರ್ಥ ಬರೆಸಿ ನಾನು ಪಾಠ ಮುಗಿಸುತ್ತಿರಲಿಲ್ಲ. ನಿಮ್ಮ ನಿಮ್ಮ ಊರಿನಲ್ಲಿ ಏನೇನು ಡ್ರೈ ಎಂದು ಕೇಳುತ್ತಿದ್ದುದು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು.

ಚಿಂತಾಮಣಿಯ ಕಡೆಯವರಿಗೆ ಅದು ಕಣದಲ್ಲಿ ಒಣಗಿದ ಕಡಲೆಕಾಯಿ. ಗೌರಿಬಿದನೂರಿನವರಿಗೆ ವರ್ಷದ ಬಹುಭಾಗ ಮರಳೇ ಕಾಣುವ ಉತ್ತರ ಪಿನಾಕಿನಿ. ಹೊಳೆಯನ್ನು ನಾವು ಬತ್ತಿತು ಎನ್ನುತ್ತೇವೆ. ಚಿಕ್ಕಬಳ್ಳಾಪುರದ ರೈತನ ಬಾಯಲ್ಲಿ ಡ್ರೈ ಲ್ಯಾಂಡ್ ಬೆದ್ದಲು, ಕಂದಾಯದ ಕಾಗದದಲ್ಲಿ ಖುಷ್ಕಿ. ಒಗೆದ ಬಟ್ಟೆ ಆರುತ್ತದೆ. ಅದೇ 'ಆರು' ಬಾಯಿಗೆ ಸೇರಿದರೆ ಬಾಯಾರಿಕೆ. ಸ್ವಾರಸ್ಯವಿಲ್ಲದ ಪಾಠ ಮಾತ್ರ ನೀರಸ.

ಇಂಗ್ಲಿಷೂ ಬಡ ಭಾಷೆಯಲ್ಲ. ಮಳೆ ಕಾಣದ ಸೀಮೆ ಏರಿಡ್, ಬಿಸಿಲಿಗೆ ಕಾದ ನೆಲವೂ ನೀರಿಲ್ಲದ ಗಂಟಲೂ ಪಾರ್ಚ್ಡ್, ಬಾಡಿದ ಎಲೆ ವಿದರ್ಡ್. ಆದರೆ ಸಮಾನಾರ್ಥಕಗಳು ಪೂರ್ತಿ ಸಮಾನವಲ್ಲವೆಂಬುದನ್ನು ಶಿಡ್ಲಘಟ್ಟದ ಹುಳು ಮನೆಯಷ್ಟು ಚೆನ್ನಾಗಿ ಯಾವ ನಿಘಂಟೂ ಕಲಿಸದು. ಮಳೆಯಲ್ಲಿ ನೆನೆದ ಹಿಪ್ಪುನೇರಳೆ ಸೊಪ್ಪು ಹಾಕಿದರೆ ರೇಷ್ಮೆ ಹುಳುವಿಗೆ ರೋಗದ ಭಯ. ಬಾಡಿದ ಸೊಪ್ಪನ್ನು ಅದು ಸರಿಯಾಗಿ ತಿನ್ನದು, ಗೂಡು ಹಗುರಾಗುತ್ತದೆ. ಎಲೆಯ ಮೇಲಿನ ನೀರು ಆರಿರಬೇಕು, ಒಳಗಿನ ರಸ ಬತ್ತಿರಬಾರದು. ಎರಡಕ್ಕೂ 'ಡ್ರೈ' ಎಂದುಬಿಟ್ಟರೆ ಕಲಿಯುವ ಹುಡುಗನಿಗೆ ತಿಳಿಯುವುದೇನು?

ನಿಮ್ಮ ಮಕ್ಕಳು ಇಂದು ಬಟ್ಟೆ, ಬಾವಿ, ಸೊಪ್ಪು ಎಲ್ಲಕ್ಕೂ 'ಡ್ರೈ ಆಗಿದೆ' ಎನ್ನುತ್ತಾರೆ. ಇಂಗ್ಲಿಷ್ ಕಲಿಯಲಿ, ಸಂತೋಷವೇ. ಸೊಪ್ಪು ಆರಿದರೆ ಲಾಭ, ಬಾವಿ ಬತ್ತಿದರೆ ನಷ್ಟ ಎಂಬ ವಿವೇಕವನ್ನು ಹಿರಿಯರು ಈ ಪದಗಳಲ್ಲೇ ಕೂಡಿಟ್ಟಿದ್ದಾರೆ. ನೀರಿಗೆ ಬಡತನವಿರುವ ಸೀಮೆಯವರು ನಾವು. ಮಕ್ಕಳಿಗೆ ಅದನ್ನೂ ದಾಟಿಸಿರಿ.