ರೋರಿಕ್ ಅವರ ನೀಲಿ

ರಷ್ಯಾದ ಚಿತ್ರಕಾರ ನಿಕೊಲಾಸ್ ರೋರಿಕ್ ಬಿಡಿಸಿದ ಹಿಮಾಲಯ ನೋಡಿದರೆ ಮೊದಲು ಏಳುವ ಪ್ರಶ್ನೆ: ಬೆಟ್ಟ ಇಷ್ಟು ನೀಲಿ ಇರುತ್ತಾ? ದೂರದ ಬೆಟ್ಟ ನೀಲಿಯೇ. ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತದೆ. ಆದರೆ ರೋರಿಕ್ ಅಷ್ಟಕ್ಕೇ ನಿಲ್ಲಲಿಲ್ಲ. ನೇರಳೆ ಕಣಿವೆ, ಗುಲಾಬಿ ಹಿಮ, ಹಸಿರಿಗೆ ತಿರುಗಿದ ಹಳದಿ ಆಕಾಶ. ಬೆಳಗೋ ಸಂಜೆಯೋ ಗೊತ್ತಾಗುವುದಿಲ್ಲ.

ಅವರು ಹೆಚ್ಚಾಗಿ ಬಳಸಿದ್ದು ನೀರಿನಲ್ಲಿ ಕಲಸುವ ಟೆಂಪೆರಾ ಬಣ್ಣ. ಎಣ್ಣೆಬಣ್ಣದ ಮಿರುಗು ಅದಕ್ಕಿಲ್ಲ. ಸುಣ್ಣ ಬಳಿದ ಗೋಡೆಯ ಹಾಗೆ ಬೆಳಕನ್ನು ಮೆತ್ತಗೆ ಹಿಂದಿರುಗಿಸುತ್ತದೆ. ಆ ಚಿತ್ರಗಳ ಮೌನಕ್ಕೆ ಅರ್ಧ ಕಾರಣ ಇದೇ ಅನ್ನುತ್ತೇನೆ. ಉಳಿದರ್ಧ, ಮನುಷ್ಯರನ್ನು ಅವರು ಚಿಟಿಕೆಯಷ್ಟೇ ಇಡುವುದು.

1928ರಲ್ಲಿ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿದ ರೋರಿಕ್ 1947ರಲ್ಲಿ ಅಲ್ಲೇ ತೀರಿಕೊಂಡರು. ಮಗ ಸ್ವೆತೊಸ್ಲಾವ್, ಪತ್ನಿ, ಚಿತ್ರನಟಿ ದೇವಿಕಾ ರಾಣಿಯವರೊಂದಿಗೆ ನಮ್ಮ ಬೆಂಗಳೂರಿನ ಹೊರವಲಯದ ತಾತಗುಣಿಯಲ್ಲಿ ಬಾಳಿದರು. ಹಾಗಾಗಿ ಅಪ್ಪನ ಹಿಮಾಲಯದ ಒಂದಿಷ್ಟು ಭಾಗ ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೂ ಬಂತು.

ಫೋನಿನ ಪರದೆಯಲ್ಲಿ ಆ ನೀಲಿ ಸಿಗುವುದಿಲ್ಲ. ಕುಮಾರಕೃಪಾ ರಸ್ತೆಯ ಕಡೆ ಹೋದಾಗ ಪರಿಷತ್ತಿನ ಒಳಗೆ ಹೋಗಿ ನೋಡಿ.