ಗುಮಾನಿಯ ಪಾಠ

ಅಮೆರಿಕದ ಒಂದು ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ದುಡಿಯುವ ಕನ್ನಡದವರು ನಾವು ಮೂರು ಜನ. ಒಬ್ಬ ಕೊಳ್ಳೇಗಾಲದ ಕಡೆಯವನು, ಒಬ್ಬ ಮಂಡ್ಯದವನು, ಒಬ್ಬಳು ರಾಯಚೂರಿನವಳು. ಬ್ಯಾಟರಿ ಯಾಕೆ ಬೇಗ ಸಾಯುತ್ತೆ ಅನ್ನೋದನ್ನ ಹುಡುಕೋದು ನಮ್ಮ ಕೆಲಸ. 2025ರಲ್ಲಿ ಅಲ್ಲಿನ ಒಕ್ಕೂಟ ಸರ್ಕಾರದ ಹಣಕ್ಕೆ ಹಾಕುವ ಅರ್ಜಿಯೊಂದರಲ್ಲಿ ಮೊದಲ ಸಲ ನಮ್ಮ ಹೆಸರು ಮುಖ್ಯ ಸಂಶೋಧಕರ ಪಟ್ಟಿಗೆ ಬಂತು. ಊರಿಗೆ ಫೋನು ಮಾಡಿ ಹೇಳಿಕೊಂಡದ್ದೂ ಆಯ್ತು. ಆ ಖುಷಿ ಆರುವ ಮೊದಲೇ ಕಚೇರಿಯಿಂದ ಕಾಗದ ಬಂತು. ಸಂಶೋಧನಾ ಭದ್ರತೆಯ ತರಬೇತಿ ಮುಗಿಸಿ ಸರ್ಟಿಫಿಕೇಟು ಕೊಡಿ, ಇಲ್ಲದಿದ್ದರೆ ಅರ್ಜಿ ಮುಂದಕ್ಕೆ ಹೋಗೋದಿಲ್ಲ ಅಂತ.

ಇದು ಕಚೇರಿಯವರ ಹಟವಲ್ಲ, ಕಾನೂನು. 2021ರ ಜನವರಿಯಲ್ಲಿ ಕುರ್ಚಿ ಬಿಡುವ ಮುನ್ನ ಟ್ರಂಪ್ ಒಂದು ಆದೇಶ ಹೊರಡಿಸಿದರು. 2022ರ ಆಗಸ್ಟಿನಲ್ಲಿ ಬೈಡನ್ ಚಿಪ್ಸ್ ಮತ್ತು ವಿಜ್ಞಾನ ಕಾಯ್ದೆಗೆ ಸಹಿ ಹಾಕಿದರು. ಪಕ್ಷ ಬೇರೆ, ಗುಮಾನಿ ಒಂದೇ. ಅರ್ಜಿಯಲ್ಲಿ ಮುಖ್ಯರೆಂದು ಹೆಸರಿರುವ ಪ್ರತಿಯೊಬ್ಬರೂ, ಅರ್ಜಿ ಹಾಕುವುದಕ್ಕೆ ಹಿಂದಿನ ಹನ್ನೆರಡು ತಿಂಗಳೊಳಗೆ ತರಬೇತಿ ಪಡೆದಿದ್ದೇವೆ ಅಂತ ಪ್ರಮಾಣ ಮಾಡಬೇಕು ಅನ್ನುತ್ತೆ ಆ ಕಾಯ್ದೆ. 2024ರ ಜನವರಿಯಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ನಾಲ್ಕು ಪಾಠಗಳನ್ನು ಹೊರತಂದಿತು. ಇಂಧನ ಇಲಾಖೆ 2025ರ ಮೇ 1ರಿಂದ ತರಬೇತಿಯನ್ನು ಕಡ್ಡಾಯ ಮಾಡಿತು.

ಒಂದು ಸಂಜೆ ಕಂಪ್ಯೂಟರ್ ಮುಂದೆ ಕೂತೆವು. ಭದ್ರತೆ ಅಂದರೇನು, ಸರ್ಕಾರಕ್ಕೆ ಏನೇನು ತಿಳಿಸಬೇಕು, ಅಪಾಯ ತಗ್ಗಿಸೋದು ಹೇಗೆ, ಹೊರದೇಶದವರ ಜೊತೆ ಕೆಲಸ ಮಾಡೋದು ಹೇಗೆ. ಇವು ನಾಲ್ಕು ಪಾಠ. ಬೇರೆ ಕಡೆಯ ಸಂಬಳ, ಹುದ್ದೆ, ಪುಕ್ಕಟೆ ಸಿಕ್ಕ ಉಪಕರಣ ಎಲ್ಲ ತಿಳಿಸಬೇಕು. ಕೊಳ್ಳೇಗಾಲದವನಿಗೆ ಪೇಚಾಟ ಶುರುವಾಯ್ತು. ರಜೆಗೆ ಹೋದಾಗ ತಾನು ಓದಿದ ಕಾಲೇಜಿನಲ್ಲಿ ಭಾಷಣ ಮಾಡಿ ಬಂದಿದ್ದ. ಶಾಲು, ಹಣ್ಣಿನ ಬುಟ್ಟಿ, ಕವರಿನಲ್ಲಿ ಎರಡು ಸಾವಿರ ರೂಪಾಯಿ. 'ಶಾಲಿಗೆ ಯಾವ ಕಾಲಂ ಅಕ್ಕ?' ಅಂತ ರಾಯಚೂರಿನವಳನ್ನು ಕೇಳಿದ. ನಕ್ಕೆವು. ಆದರೂ ಕಚೇರಿಯವರನ್ನು ವಿಚಾರಿಸಿಯೇ ಮುಂದಕ್ಕೆ ಹೋದೆವು.

ಪಾಠವೆಲ್ಲ ಸುಳ್ಳು ಅಂತ ನಾವು ಹೇಳೋದಿಲ್ಲ. ಇಬ್ಬರ ಹತ್ತಿರ ಹಣ ಪಡೆದು ಒಬ್ಬರಿಗೆ ಮುಚ್ಚಿಡೋದು, ಪರಿಶೀಲನೆಗೆ ಬಂದ ಇನ್ನೊಬ್ಬರ ಅರ್ಜಿಯನ್ನು ಕದ್ದು ಕಳಿಸೋದು ಮೋಸವೇ. ಹಾರ್ವರ್ಡಿನ ರಸಾಯನ ವಿಜ್ಞಾನಿ ಚಾರ್ಲ್ಸ್ ಲೀಬರ್ ಚೀನಾದ ವುಹಾನ್‌ನ ವಿಶ್ವವಿದ್ಯಾಲಯದ ಜೊತೆಗಿನ ನಂಟನ್ನು ಮರೆಮಾಚಿ ಸರ್ಕಾರಕ್ಕೆ ಸುಳ್ಳು ಹೇಳಿದರು. 2021ರ ಡಿಸೆಂಬರಿನಲ್ಲಿ ಜ್ಯೂರಿ ಅವರನ್ನು ಅಪರಾಧಿ ಅಂದಿತು. ಲೀಬರ್ ಅಮೆರಿಕದಲ್ಲೇ ಹುಟ್ಟಿದ ಬಿಳಿಯ. ಸುಳ್ಳಿಗೆ ಹುಟ್ಟಿದೂರು ಯಾವುದಾದರೇನು?

ನಮ್ಮ ಜೊತೆ ಪಾಠ ಕೇಳಿದವನು ಇನ್ನೊಬ್ಬನಿದ್ದ. ಚೀನಾದವನು. ನಾಲ್ಕು ವರ್ಷ ಒಂದೇ ಅಡುಗೆಮನೆಯಲ್ಲಿ ಅನ್ನ ಬೇಯಿಸಿ ತಿಂದವರು ನಾವು. ಕಾಯ್ದೆ ಕಾಳಜಿಯ ದೇಶಗಳೆಂದು ಹೆಸರಿಸಿದ್ದು ನಾಲ್ಕು: ಚೀನಾ, ಇರಾನ್, ಉತ್ತರ ಕೊರಿಯಾ, ರಷ್ಯಾ. ನಮ್ಮ ದೇಶ ಅದರಲ್ಲಿಲ್ಲ. ಸದ್ಯ ಬಚಾವಾದೆವು ಅಂದುಕೊಂಡೆವು. ಅವನು ಏನೂ ಅನ್ನಲಿಲ್ಲ. ಆಮೇಲೆ ಊಟಕ್ಕೆ ಕೂತಾಗ ಕೆಲವು ಹೆಸರು ಹೇಳಿದ. ಟೆಂಪಲ್ ವಿಶ್ವವಿದ್ಯಾಲಯದ ಷಿಯಾವೋಷಿಂಗ್ ಷಿ: 2015ರ ಮೇನಲ್ಲಿ ಮುಂಜಾನೆ ಬಂದೂಕು ಹಿಡಿದು ಮನೆಗೆ ನುಗ್ಗಿ ಬಂಧಿಸಿದರು, ಸೆಪ್ಟೆಂಬರಿನಲ್ಲಿ ಮೊಕದ್ದಮೆಯನ್ನೇ ಕೈಬಿಟ್ಟರು. ಟೆನ್ನೆಸ್ಸಿಯ ಆನ್ಮಿಂಗ್ ಹು: ಕೆಲಸ ಕಳಕೊಂಡರು, 2021ರ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶರು ಖುಲಾಸೆ ಮಾಡಿದರು. ಎಂಐಟಿಯ ಗಾಂಗ್ ಚೆನ್: 2021ರ ಜನವರಿಯಲ್ಲಿ ಬಂಧನ, ಮುಂದಿನ ಜನವರಿಯಲ್ಲಿ ಆರೋಪ ವಾಪಸ್. 2018ರಲ್ಲಿ ನ್ಯಾಯ ಇಲಾಖೆ ಶುರುಮಾಡಿದ ಚೀನಾ ಇನಿಷಿಯೇಟಿವ್ ಅನ್ನೋ ಬೇಟೆ 2022ರ ಫೆಬ್ರವರಿಯಲ್ಲಿ ನಿಂತಿತು. ಹೋದ ಮಾನ, ನಿದ್ದೆಗೆಟ್ಟ ರಾತ್ರಿಗಳನ್ನ ವಾಪಸ್ ಕೊಡೋರು ಯಾರು?

ಗೆಳೆಯರೇ, ಈಗ ನಮ್ಮ ತಪ್ಪನ್ನು ಹೇಳಬೇಕು. ಅರ್ಜಿ ಕಳಿಸುವ ವಾರ ಸಭೆ ಸೇರಿತ್ತು. ಅವನು ಅಲ್ಲಿರಲಿಲ್ಲ. 'ಆ ಒಂದು ಹೆಸರು ಬಿಟ್ಟರೆ ತಕರಾರು ಕಮ್ಮಿ' ಅಂದರು ದೊಡ್ಡವರೊಬ್ಬರು. ಹಾಗೆ ಮಾಡಿ ಅಂತ ಯಾವ ಪಾಠವೂ ಹೇಳಿರಲಿಲ್ಲ. ಜನಾಂಗ, ಹುಟ್ಟಿದ ದೇಶ ನೋಡಿ ಭೇದ ಮಾಡಬಾರದು ಅಂತ ಅದೇ ಕಾಯ್ದೆಯಲ್ಲೇ ಬರೆದಿದೆ. ಅದು ನಮಗೆ ಗೊತ್ತಿತ್ತು. ಮಂಡ್ಯದವನು ಬಾಯಿ ತೆರೆಯಲು ಹೊರಟ. 'ಸುಮ್ಕಿರಪ್ಪ, ನಮ್ಮ ವೀಸಾ ಏನಾದೀತು' ಅಂತ ಉಳಿದಿಬ್ಬರು ತಡೆದೆವು. ಅವನೂ ಸುಮ್ಮನಾದ. ಬ್ಯಾಟರಿಯ ಅರ್ಧ ಕೆಲಸ ಮಾಡಿದವನ ಹೆಸರು ಅಳಿಸಿಹೋಯ್ತು. ಮೂರು ಸರ್ಟಿಫಿಕೇಟು ಹೋದವು, ನಾಲ್ಕನೆಯದು ಅವನ ಮೇಜಿನಲ್ಲೇ ಉಳೀತು.

ಅವನು ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ಎರಡು ತಿಂಗಳಿಗೆ ಬೇರೆ ಊರಲ್ಲಿ ಕೆಲಸ ಹುಡುಕಿಕೊಂಡ. ಹೋಗುವಾಗ ಅನ್ನದ ಕುಕ್ಕರನ್ನು ನಮಗೇ ಬಿಟ್ಟುಹೋದ.

ಮನುಷ್ಯ ಏನು ಮಾಡಿದ ಅಂತ ಕೇಳೋದು ಬೇರೆ, ಎಲ್ಲಿ ಹುಟ್ಟಿದ ಅಂತ ಕೇಳೋದು ಬೇರೆ. ಮೊದಲನೆಯದು ಭದ್ರತೆ. ಎರಡನೆಯದು ಏನು ಅಂತ ಈ ಪತ್ರಿಕೆಯ ಓದುಗರಿಗೆ ನಾವು ಬಿಡಿಸಿ ಹೇಳಬೇಕಿಲ್ಲ. ಕಾಗದದ ಮೇಲಿನ ನಿಯಮ ಮೊದಲನೆಯದನ್ನೇ ಕೇಳುತ್ತೆ. ಅದನ್ನ ಎರಡನೆಯದಾಗಿ ಮಾಡೋದು ಹೆದರಿದ ಜನ. ಆ ಜನದಲ್ಲಿ ನಾವೂ ಇದ್ದೆವು.

ನಿಮ್ಮ ಶಾಲೆಯ ಮಕ್ಕಳು ನಾಳೆ ಈ ಕಡೆ ಬಂದರೆ ಹೇಳಿ ಕಳಿಸಿ. ಏನನ್ನೂ ಮುಚ್ಚಿಡಬೇಡಿ, ಶಾಲನ್ನೂ ಬರೀರಿ. ಪಕ್ಕದವನ ಹೆಸರು ಹೊಡೆದುಹಾಕುವಾಗ ಮಾತ್ರ ಸುಮ್ಮನಿರಬೇಡಿ. ನಮ್ಮ ಸರ್ಟಿಫಿಕೇಟಿನ ಆಯುಷ್ಯ ಒಂದು ವರ್ಷ. ಮತ್ತೆ ಕೂರಬೇಕು, ಮತ್ತೆ ಸಹಿ ಹಾಕಬೇಕು. ಮುಂದಿನ ಸಲ ಆ ಸಭೆಯಲ್ಲಿ ಬಾಯಿ ಬಿಡ್ತೇವೆ ಅಂತ ಮೂವರೂ ಮಾತು ಕೊಟ್ಟುಕೊಂಡಿದ್ದೇವೆ. ಉಳಿಸಿಕೊಳ್ತೀವೋ ಇಲ್ಲವೋ, ನೀವು ಕೇಳ್ತಾ ಇರಿ.